ಮೂವತ್ತು ಗುಂಟೆಯ ಲೆಕ್ಕ

ನಮ್ಮಜ್ಜಿಯ ತವರು ಹಿರೀಸಾವೆ. ಬೆಂಗಳೂರಿನಿಂದ ಹಾಸನಕ್ಕೆ ಹೋಗುವವರು ಹೆದ್ದಾರಿಯಲ್ಲಿ ದಾಟಿಹೋಗುವ, ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಊರು. ಅಜ್ಜಿಗೆ ಒಬ್ಬ ಅಣ್ಣ, ಒಬ್ಬ ತಂಗಿ, ಒಬ್ಬ ತಮ್ಮ. ಆ ತಮ್ಮನನ್ನು ನಾವು ಚಿಕ್ಕ ತಾತ ಎನ್ನುತ್ತಿದ್ದೆವು. ಮದುವೆಯಾಗಲಿಲ್ಲ. ಅಣ್ಣನಿಂದ ಪಾಲಾಗಿ ಬಂದ ಎರಡು ಎಕರೆ ಹತ್ತು ಗುಂಟೆ ಜಮೀನು, ರಸ್ತೆ ಬದಿಯ ಒಂದು ಹೆಂಚಿನ ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ, ಇಷ್ಟು ಅವರ ಆಸ್ತಿ. 2012ರಲ್ಲಿ ಒಂದು ಬೆಳಿಗ್ಗೆ ರಾಗಿ ಹೊಲಕ್ಕೆ ಹೋದವರು ಬದುವಿನ ಮೇಲೆ ಕುಸಿದು ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಬರೆಯಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಕಾಗದ ಪತ್ರ ಓದಿ ಹೇಳುವ ಕೆಲಸ ನನ್ನದಾಗಿತ್ತು. ಹನ್ನೊಂದನೆಯ ದಿನ ಕಳೆದ ಮೇಲೆ ದೊಡ್ಡ ತಾತ ಜಮೀನನ್ನೂ ಮನೆಯನ್ನೂ ತಮ್ಮ ವಶದಲ್ಲೇ ಇಟ್ಟುಕೊಂಡರು. ಕೇಳಿದ್ದಕ್ಕೆ, "ಹೆಣ್ಮಕ್ಳಿಗೆ ತಮ್ಮನ ಆಸ್ತೀಲಿ ಎಲ್ಲಿಂದ ಬಂತು ಪಾಲು" ಎಂದರು. ಅಜ್ಜಿ ನನ್ನನ್ನು ಜೊತೆಗೆ ಕರೆದುಕೊಂಡು ಒಬ್ಬ ವಕೀಲರ ಬಳಿಗೆ ಹೋದಳು. ಅವರು ಕಾನೂನನ್ನು ಸರಿಯಾಗಿಯೇ ಹೇಳಿದರು: ಹೆಂಡತಿ ಮಕ್ಕಳಿಲ್ಲ, ತಂದೆ ತಾಯಿ ಇಲ್ಲ, ಹಾಗಾಗಿ ಅಣ್ಣನಿಗೂ ಇಬ್ಬರು ಅಕ್ಕಂದಿರಿಗೂ ಸಮಪಾಲು. ತೊಂಬತ್ತು ಗುಂಟೆಯಲ್ಲಿ ತಲಾ ಮೂವತ್ತು. ಆಮೇಲೆ ಶುಲ್ಕದ ಮಾತು ಬಂತು. ಮೂವತ್ತು ಸಾವಿರ ಮುಂಗಡ ಕೊಟ್ಟು, ಮುಂದೆ ಖರ್ಚು ಬಂದಂತೆ ಕೊಡುತ್ತಾ ಹೋಗುವುದು ಒಂದು ದಾರಿ. ಈಗ ಏನೂ ಕೊಡದೆ, ಗೆದ್ದ ಮೇಲೆ ಹತ್ತು ಗುಂಟೆ ಬರೆದುಕೊಡುವುದು ಇನ್ನೊಂದು.

ಬಸ್ಸಿನಲ್ಲಿ ಅಜ್ಜಿ ಮಾತಾಡಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತ ಮೇಲೆ ಹೇಳಿದಳು: "ಗೆದ್ರೆ ಇಪ್ಪತ್ತು. ಅಣ್ಣನ ಕಾಲು ಹಿಡಿದು ರಾಜಿ ಆದ್ರೂ ಇಪ್ಪತ್ತು ಕೊಟ್ಟಾನು. ಗೆಲ್ಲಕ್ಕೆ ಹತ್ತು ವರ್ಷ, ರಾಜಿಗೆ ಹತ್ತು ದಿನ. ಇದ್ರಲ್ಲಿ ಯೋಚ್ನೆ ಮಾಡಕ್ಕೇನೈತೆ?"

ಅವಳು ರಾಜಿಯಾದಳು. ಇಪ್ಪತ್ತು ಗುಂಟೆ ಬಂತು. ಮನೆಯ ಮಾತನ್ನು ಬಿಟ್ಟಳು. ಇವತ್ತು ಹಳೇ ಮೈಸೂರಿನ ಭೂಮಿ ಮತ್ತು ಕಾನೂನಿನ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ, ಅಜ್ಜಿಯ ಆ ಲೆಕ್ಕ ಮತ್ತೆ ಮತ್ತೆ ನೆನಪಾಗುತ್ತದೆ. ಉತ್ತರಾಧಿಕಾರದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಯಾರು ವಾರಸುದಾರರು ಎಂಬ ಪಟ್ಟಿಯ ಇತಿಹಾಸ ಬರೆಯುತ್ತಾರೆ. ಆ ಪಟ್ಟಿಯಲ್ಲಿ ಹೆಸರಿಲ್ಲದ, ಆದರೆ ಪಾಲು ತೆಗೆದುಕೊಂಡೇ ಹೋಗುವ ಇನ್ನೊಬ್ಬ ವಾರಸುದಾರನಿದ್ದಾನೆ. ಅವನ ಹೆಸರು ಖರ್ಚು.

ಪಟ್ಟಿಯಿಂದಲೇ ಶುರು ಮಾಡೋಣ. ಮಕ್ಕಳಿಲ್ಲದೆ ಸತ್ತವನ ಆಸ್ತಿಯ ಪ್ರಶ್ನೆ ಬಹಳ ಹಳೆಯದು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಧನಮಿತ್ರನೆಂಬ ವರ್ತಕ ಹಡಗು ಮುಳುಗಿ ಸತ್ತ ಸುದ್ದಿ ಬರುತ್ತದೆ. ಅವನಿಗೆ ಮಕ್ಕಳಿಲ್ಲವಾದ್ದರಿಂದ ಸಂಪತ್ತೆಲ್ಲ ಅರಸನದು ಎಂದು ಮಂತ್ರಿ ತಿಳಿಸುತ್ತಾನೆ. ದುಷ್ಯಂತ ಅವನ ಹೆಂಡತಿಯರಲ್ಲಿ ಯಾರಾದರೂ ಬಸುರಿಯಿದ್ದಾಳೆಯೇ ವಿಚಾರಿಸಿ ಎನ್ನುತ್ತಾನೆ. ಮೈಸೂರು ಅರಮನೆಯ ಬಸವಪ್ಪ ಶಾಸ್ತ್ರಿಗಳ ಅನುವಾದದಿಂದ ಕನ್ನಡದ ರಂಗಭೂಮಿಗೆ ಬಂದ ಈ ನಾಟಕದಲ್ಲಿ ಪ್ರೇಕ್ಷಕರು ಆ ದೃಶ್ಯವನ್ನು ದುಷ್ಯಂತನ ಪುತ್ರಶೋಕದ ದೃಶ್ಯವಾಗಿ ನೋಡಿ ಮರುಗುತ್ತಾರೆ. ಕಾನೂನಿನ ವಿದ್ಯಾರ್ಥಿ ಅದರಲ್ಲಿ ಇನ್ನೊಂದನ್ನೂ ಗಮನಿಸಬಹುದು. ಗರ್ಭದಲ್ಲಿರುವ ಮಗುವಿಗೆ ಹಕ್ಕಿದೆ, ಎದುರಿಗೆ ಬದುಕಿರುವ ಹೆಂಡತಿಯರಿಗೆ ಇಲ್ಲ.

ಈ ಪಟ್ಟಿಯನ್ನು ದೊಡ್ಡದಾಗಿ ತಿದ್ದಿದವನು ಕನ್ನಡ ನೆಲದವನೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ, ಬಂಗಾಳದಂಥ ಕೆಲವು ಕಡೆ ಬಿಟ್ಟರೆ, ಇಂಡಿಯಾದ ಬಹುಭಾಗಕ್ಕೆ ಹಿಂದೂ ಉತ್ತರಾಧಿಕಾರದ ಕಾನೂನಾಯಿತು. ಗಂಡುಮಕ್ಕಳಿಲ್ಲದೆ, ಪಾಲಾಗಿ ಬೇರೆ ಇದ್ದು ಸತ್ತವನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ, ಆಮೇಲೆ ತಾಯಿ ತಂದೆಗೆ, ಸೋದರರಿಗೆ, ಸೋದರರ ಮಕ್ಕಳಿಗೆ, ಹೀಗೆ ಶಿಷ್ಯ ಮತ್ತು ಸಹಪಾಠಿಯವರೆಗೂ ಸಾಲು ಹೋಗುತ್ತದೆ. ದುಷ್ಯಂತನ ಮಂತ್ರಿ ಕಾಣದಿದ್ದ ಹೆಂಡತಿ ಇಲ್ಲಿ ಮೊದಲನೆಯವಳು. ಆದರೆ ಯಾಜ್ಞವಲ್ಕ್ಯನ ಆ ಸಾಲಿನಲ್ಲಿ ಸೋದರಿ ಎಂಬ ಪದವೇ ಇಲ್ಲ. ನಮ್ಮ ದೊಡ್ಡ ತಾತನ ಮಾತಿಗೆ ಸಾವಿರಾರು ವರ್ಷದ ಬೆಂಬಲವಿತ್ತು ಎನ್ನಬೇಕು.

ಅದೇ ಗ್ರಂಥದಲ್ಲಿ, ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಮಾತಿದೆ. ಸಾಲದ ವ್ಯಾಜ್ಯದಲ್ಲಿ ಸೋತ ಸಾಲಗಾರ ನೂರಕ್ಕೆ ಹತ್ತರಂತೆ ಅರಸನಿಗೆ ಕೊಡಬೇಕು. ಗೆದ್ದು ಹಣ ಪಡೆದ ಸಾಲಿಗನೂ ನೂರಕ್ಕೆ ಐದರಂತೆ ಕೊಡಬೇಕು. ನ್ಯಾಯಕ್ಕೆ ಬೆಲೆ ಆಗಲೂ ಇತ್ತು. ಆದರೆ ಅದನ್ನು ತೆಗೆದುಕೊಳ್ಳುತ್ತಿದ್ದದ್ದು ತೀರ್ಪಾದ ಮೇಲೆ, ಕೈಗೆ ಬಂದ ಹಣದಿಂದ. ಶುಕ್ರನೀತಿಯಲ್ಲಿ ಬೇರೆಯವರ ಪರ ವಾದಿಸುವ ನಿಯೋಗಿಯ ಸಂಭಾವನೆಯೂ ಬರುತ್ತದೆ. ವ್ಯಾಜ್ಯದ ಮೊತ್ತದ ಹದಿನಾರನೆಯ ಒಂದು ಭಾಗದಿಂದ ಶುರುವಾಗಿ ನೂರ ಅರವತ್ತನೆಯ ಒಂದು ಭಾಗದವರೆಗೆ, ಮೊತ್ತ ಹೆಚ್ಚಿದಂತೆ ಶುಲ್ಕದ ಪಾಲು ಇಳಿಯುತ್ತದೆ. ಶುಕ್ರನೀತಿ ನಾವಂದುಕೊಂಡಷ್ಟು ಹಳೆಯದಲ್ಲ, ತೀರಾ ಈಚಿನದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಇರಲಿ. ಯಾವ ಕಾಲದಲ್ಲಿ ಬರೆದಿದ್ದರೂ, ಅದನ್ನು ಬರೆದವರಿಗೆ ಮೂರರಲ್ಲಿ ಒಂದು ಪಾಲಿನ ಶುಲ್ಕ ನ್ಯಾಯವೆನಿಸಿರಲಿಲ್ಲ.

ಬಾಗಿಲಲ್ಲೇ ನಿಲ್ಲಿಸಿ ಹಣ ಕೇಳುವ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ಕಂಪನಿ ಸರ್ಕಾರದಲ್ಲಿ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದ ನ್ಯಾಯಾಲಯಗಳಲ್ಲಿ ದಾವಾ ಹೂಡುವ ಶುಲ್ಕವನ್ನು ತೆಗೆದುಹಾಕಿದ. ಎರಡೇ ವರ್ಷದಲ್ಲಿ, 1795ರಲ್ಲಿ, ಅದು ವಾಪಸು ಬಂತು. ಕೊಟ್ಟ ಕಾರಣ: ಶುಲ್ಕವಿಲ್ಲದಿದ್ದರೆ ಜನ ಸುಳ್ಳು ವ್ಯಾಜ್ಯ ಹೂಡುತ್ತಾರೆ. ನಲವತ್ತು ವರ್ಷದ ನಂತರ ಮೆಕಾಲೆ ಈ ಕಾರಣವನ್ನು ಕಟುವಾಗಿ ಲೇವಡಿ ಮಾಡಿದ. ಅವನ ತರ್ಕ ಸರಳ: ಶುಲ್ಕ ಸುಳ್ಳುಗಾರನನ್ನು ಮಾತ್ರ ತಡೆಯುವುದಿಲ್ಲ, ಸತ್ಯವಂತನಾದ ಬಡವನನ್ನೂ ತಡೆಯುತ್ತದೆ, ಹಣವಿರುವ ಸುಳ್ಳುಗಾರನನ್ನು ತಡೆಯುವುದೇ ಇಲ್ಲ. ನಮ್ಮ ಶಿಕ್ಷಣದ ವಿಷಯದಲ್ಲಿ ಮೆಕಾಲೆಯನ್ನು ಬೈಯುವುದು ನಮಗೆಲ್ಲ ರೂಢಿ. ಈ ವಿಷಯದಲ್ಲಿ ಅವನ ಮಾತನ್ನು ಸರ್ಕಾರ ಕೇಳಲಿಲ್ಲ ಎಂಬುದಕ್ಕೆ ಬೇಸರಪಡಬಹುದು. 1870ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ನ್ಯಾಯಾಲಯ ಶುಲ್ಕದ ಕಾಯ್ದೆ ಬಂತು. ಮೈಸೂರು ಸಂಸ್ಥಾನ 1900ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಏಕೀಕರಣದ ನಂತರ 1958ರಲ್ಲಿ ಬಂದ ಕಾಯ್ದೆಯೇ ಇವತ್ತಿಗೂ ಕರ್ನಾಟಕದಲ್ಲಿ ನಡೆಯುತ್ತಿದೆ.

ಇತ್ತ ಶುಲ್ಕದ ಬಾಗಿಲು ಭದ್ರವಾಗುತ್ತಿದ್ದ ಕಾಲದಲ್ಲೇ ಅತ್ತ ವಾರಸುದಾರರ ಪಟ್ಟಿ ಅಗಲವಾಗತೊಡಗಿತು. 1929ರಲ್ಲಿ ಬ್ರಿಟಿಷ್ ಇಂಡಿಯಾದ ಕಾಯ್ದೆಯೊಂದು ಮಿತಾಕ್ಷರಾ ಸಾಲಿನಲ್ಲಿ, ಅಜ್ಜನ ನಂತರ, ಸೋದರಿಗೆ ಜಾಗ ಕೊಟ್ಟಿತು. 1933ರಲ್ಲಿ ಮೈಸೂರು ಸಂಸ್ಥಾನದ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಪಾಲಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಭಾಗ ಕೊಡಬೇಕೆಂದು ಅದು ಹೇಳಿತು. ಬ್ರಿಟಿಷ್ ಇಂಡಿಯಾ ವಿಧವೆಯರಿಗೆ ಸೀಮಿತ ಹಕ್ಕು ಕೊಡಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಹತ್ತಿರದ ವಾರಸುದಾರರಿಲ್ಲದೆ ಸತ್ತವನ ಆಸ್ತಿಯಲ್ಲಿ ಅಣ್ಣನನ್ನೂ ಅಕ್ಕನನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, 2020ರ ವಿನೀತಾ ಶರ್ಮ ತೀರ್ಪು, ಹೀಗೆ ಮಗಳ ಹಕ್ಕು ಮಗನ ಹಕ್ಕಿಗೆ ಸಮವಾಗುತ್ತಾ ಬಂತು. ನಮ್ಮ ಪಠ್ಯಪುಸ್ತಕಗಳು ಈ ಕಥೆಯನ್ನು ಇಲ್ಲಿಗೆ ಮುಗಿಸುತ್ತವೆ. ಅಜ್ಜಿಯ ಕಥೆ ಇಲ್ಲಿಂದ ಶುರುವಾಗುತ್ತದೆ.

ವಕೀಲರು ಅಂದು ವಿವರಿಸಿದ, ನನಗೆ ಆಗ ಅರ್ಥವಾಗದಿದ್ದ ಒಂದು ತೊಡಕಿತ್ತು. ಪಾಲಿನ ದಾವೆಗೆ ನ್ಯಾಯಾಲಯದ ಶುಲ್ಕ ಎಷ್ಟು? 1958ರ ಕಾಯ್ದೆಯ 35ನೆಯ ಕಲಮಿನಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ದಾವೆ ಹೂಡುವವರು ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ, ಪಾಲಿನ ಬೆಲೆ ಹತ್ತು ಸಾವಿರ ಮೀರಿ ಎಷ್ಟೇ ಇದ್ದರೂ, ಇನ್ನೂರು ರೂಪಾಯಿ. ಸ್ವಾಧೀನದಿಂದ ಹೊರಗೆ ಹಾಕಲ್ಪಟ್ಟಿದ್ದರೆ, ಪಾಲಿನ ಬೆಲೆಗೆ ತಕ್ಕಂತೆ. ಕಂದಾಯ ಕಟ್ಟುವ ಹೊಲಕ್ಕೆ ಬೆಲೆ ಎಂದರೆ ಕಂದಾಯದ 25 ಪಟ್ಟು ಎಂದು ಕಾನೂನೇ ರಿಯಾಯಿತಿ ಕೊಟ್ಟಿದೆ, ಅದು ಹೊರೆಯಲ್ಲ. ಆದರೆ ಹೆದ್ದಾರಿ ಬದಿಯ ಮನೆಗೆ ಆ ರಿಯಾಯಿತಿಯಿಲ್ಲ, ಅಲ್ಲಿ ಮಾರುಕಟ್ಟೆಯ ಬೆಲೆಯೇ ಬೆಲೆ. ಹಾಗಾಗಿ ಇಂಥ ದಾವೆಗಳಲ್ಲಿ ಎದುರಾಳಿ ಎತ್ತುವ ಮೊದಲ ಆಕ್ಷೇಪ ಪಾಲಿನದ್ದಲ್ಲ, ಶುಲ್ಕದ್ದು. "ಮದುವೆಯಾಗಿ ಐವತ್ತು ವರ್ಷವಾಯಿತು, ಈ ಮನೆಯಲ್ಲಿ ಅವಳು ಒಂದು ದಿನ ವಾಸವಿಲ್ಲ, ಎಲ್ಲಿಯ ಜಂಟಿ ಸ್ವಾಧೀನ? ಪೂರ್ತಿ ಶುಲ್ಕ ಕಟ್ಟಲಿ." ಇನ್ನೂರು ರೂಪಾಯಿಯೋ, ಹತ್ತಾರು ಸಾವಿರವೋ ಎಂಬುದು ತೀರ್ಮಾನವಾಗದೆ ದಾವೆ ಮುಂದೆ ಸಾಗದು. ಅಣ್ಣನಿಗೆ ಗೆಲ್ಲಬೇಕಾದ ಅಗತ್ಯವೂ ಇಲ್ಲ. ಹೊತ್ತು ಹೋದರೆ ಸಾಕು.

ಇದಕ್ಕೆ ಸುಪ್ರೀಂ ಕೋರ್ಟು 1980ರಲ್ಲೇ ಉತ್ತರ ಕೊಟ್ಟಿದೆ. ತಮಿಳುನಾಡಿನ ನೀಲಾವತಿ ಪ್ರಕರಣದಲ್ಲಿ ಹೆಣ್ಣುಮಕ್ಕಳು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ್ದರು. ಜಂಟಿ ಒಡೆಯರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನವೇ. ಪಾಲು ಕೇಳುವವರು ಅಲ್ಲಿ ವಾಸವಿರಬೇಕಿಲ್ಲ, ಫಸಲಿನಲ್ಲಿ ಭಾಗ ಪಡೆಯುತ್ತಿರಬೇಕೆಂದೂ ಇಲ್ಲ. ಹೊರಗೆ ಹಾಕಿದ್ದು ಸ್ಪಷ್ಟವಾಗಿಲ್ಲದಿದ್ದರೆ ಕಡಿಮೆ ಶುಲ್ಕವೇ ಸರಿ ಎಂದು ನ್ಯಾಯಾಲಯ ಹೇಳಿತು. ತವರಿನ ಹೊಸ್ತಿಲಿನ ಮೇಲೆ ಮಗಳಿಗಿರುವ ಹಕ್ಕನ್ನು ಇಷ್ಟು ಚೆನ್ನಾಗಿ ಹೇಳಿದ ಮಾತು ನಮ್ಮ ಸಾಹಿತ್ಯದಲ್ಲೂ ಅಪರೂಪ. ಆದರೆ ತೀರ್ಪು ಪುಸ್ತಕದಲ್ಲಿರುವುದಕ್ಕೂ ಅದು ಹಿರೀಸಾವೆಯ ಜಗಲಿಗೆ ತಲುಪುವುದಕ್ಕೂ ನಡುವೆ ಒಬ್ಬ ವಕೀಲರು ಬೇಕು, ಅವರಿಗೆ ಕೊಡಲು ಹಣ ಬೇಕು.

ನ್ಯಾಯಾಲಯ ಶುಲ್ಕ ಮತ್ತು ಸತ್ತವರ ಆಸ್ತಿ, ಈ ಎರಡೂ ನೇರವಾಗಿ ಎದುರಾದ ಪ್ರಕರಣ ಕರ್ನಾಟಕದ ಹೆಸರಿನಲ್ಲೇ ದಾಖಲಾಗಿದೆ. 1988ರ ಅಶ್ವತ್ಥನಾರಾಯಣ ಶೆಟ್ಟಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ತೀರ್ಪು ಅದು. ಕರ್ನಾಟಕ, ರಾಜಸ್ಥಾನ, ಮಹಾರಾಷ್ಟ್ರಗಳ ಶುಲ್ಕ ಕಾನೂನುಗಳನ್ನು ಒಟ್ಟಿಗೆ ಪ್ರಶ್ನಿಸಲಾಗಿತ್ತು. ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ. ದಾವೆಯ ಮೊತ್ತಕ್ಕೆ ತಕ್ಕಂತೆ ಶುಲ್ಕ ಹಾಕುವುದು ಸಂವಿಧಾನಬಾಹಿರವಲ್ಲ ಎಂದು ಅವರು ಹೇಳಿದರು, ಅದರ ಜೊತೆಗೇ ಸರ್ಕಾರಗಳು ಈ ಹೊರೆಯನ್ನು ಮರುಪರಿಶೀಲಿಸಬೇಕೆಂಬ ಆಶಯವನ್ನೂ ಬರೆದರು. ಆದರೆ ಮಹಾರಾಷ್ಟ್ರದ ಒಂದು ನಿಯಮ ಉಳಿಯಲಿಲ್ಲ. ಅಲ್ಲಿ ಬೇರೆಲ್ಲ ದಾವೆಗಳಿಗೆ 15,000 ರೂಪಾಯಿಯ ಗರಿಷ್ಠ ಮಿತಿ ಇತ್ತು. ಸತ್ತವರ ಉಯಿಲನ್ನು ಸ್ಥಿರಪಡಿಸಿಕೊಳ್ಳುವ, ಆಸ್ತಿಯ ಆಡಳಿತಪತ್ರ ಪಡೆಯುವ ಅರ್ಜಿಗಳಿಗೆ ಮಾತ್ರ ಮಿತಿಯೇ ಇರಲಿಲ್ಲ. ಇವರನ್ನಷ್ಟೇ ಬೇರೆ ಮಾಡಿ ನೋಡಲು ಕಾರಣವಿಲ್ಲ ಎಂದು ನ್ಯಾಯಾಲಯ ಹೇಳಿತು. ಸತ್ತವರ ಹಣ ಯಾರ ಬೆವರೂ ಅಲ್ಲ, ಎಷ್ಟು ತೆಗೆದರೂ ನಡೆಯುತ್ತದೆ ಎಂಬ ಮನೋಭಾವ ಸರ್ಕಾರಕ್ಕೂ ಇರುತ್ತದೆ, ಮನೆಯವರಿಗೂ ಇರುತ್ತದೆ. ಆ ಮನೋಭಾವಕ್ಕೆ ಬಿದ್ದ ಒಂದು ಏಟು ಇದು.

ಚಿಕ್ಕ ತಾತನ ಬ್ಯಾಂಕಿನ ಠೇವಣಿಯ ಕಥೆಯೂ ಇದಕ್ಕೆ ಹತ್ತಿರದ್ದೇ. ಅದಕ್ಕೆ ದೊಡ್ಡ ತಾತನ ಮಗ ನಾಮಿನಿ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವ ಕೈ ಮಾತ್ರ, ಒಡೆಯನಲ್ಲ ಎಂದು 1984ರಿಂದ ಸುಪ್ರೀಂ ಕೋರ್ಟು ಹೇಳುತ್ತಲೇ ಬಂದಿದೆ. ಮೊದಲು ಜೀವವಿಮೆಯ ವಿಷಯದಲ್ಲಿ, 2010ರಲ್ಲಿ ಬ್ಯಾಂಕ್ ಖಾತೆಯ ವಿಷಯದಲ್ಲಿ, 2023ರಲ್ಲಿ ಷೇರುಗಳ ವಿಷಯದಲ್ಲಿ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರೂ, 1925ರ ಕಾಯ್ದೆಯ ಪ್ರಕಾರ ಪ್ರಮಾಣಪತ್ರದ ಶುಲ್ಕವನ್ನು ಅರ್ಜಿಯ ಜೊತೆಗೇ ಠೇವಣಿ ಇಡಬೇಕು. ಹಣ ಪಡೆಯಲು ಮೊದಲು ಹಣ ಇರಬೇಕು. ಅಜ್ಜಿ ಆ ಠೇವಣಿಯ ಹೆಸರೆತ್ತಲೇ ಇಲ್ಲ.

ಈಗ ಆ ಹತ್ತು ಗುಂಟೆಗೆ ಬರೋಣ. ವಕೀಲರು ಗೆಲುವಿನಲ್ಲಿ ಪಾಲು ಕೇಳಬಹುದೇ? ಕೇಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮ ಅದನ್ನು ನೇರವಾಗಿ ನಿಷೇಧಿಸುತ್ತದೆ. 1954ರಲ್ಲೇ ಸುಪ್ರೀಂ ಕೋರ್ಟು, ವಸೂಲಾಗುವ ಹಣದಲ್ಲಿ ಅರ್ಧ ತನಗೆಂದು ಒಪ್ಪಂದ ಮಾಡಿಕೊಂಡಿದ್ದ ಮುಂಬಯಿಯ ವಕೀಲರೊಬ್ಬರ ಮೇಲೆ ಕ್ರಮ ಕೈಗೊಂಡಿತ್ತು. 2017ರಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ, ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನಿಂದ ಪರಿಹಾರದ ಮೊತ್ತದ ಶೇಕಡಾ ಲೆಕ್ಕದಲ್ಲಿ ಶುಲ್ಕ ಕೇಳಿದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಶುಲ್ಕ ಬಾಕಿಯಿದೆ ಎಂದು ಕಕ್ಷಿದಾರರ ಕಡತವನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ತೀರ್ಪು 2000ದಲ್ಲೇ ಬಂದಿದೆ. ವಿಚಿತ್ರವೆಂದರೆ, ವಕೀಲರಲ್ಲದ ಮೂರನೆಯವರು ಪಾಲಿನ ಆಸೆಯಿಂದ ದಾವೆಗೆ ಹಣ ಹೂಡುವುದು ನಮ್ಮಲ್ಲಿ ತಾನಾಗಿಯೇ ಅಪರಾಧವಲ್ಲ. ಇಂಗ್ಲೆಂಡಿನ ನಿಷೇಧ ಇಲ್ಲಿಗೆ ಅನ್ವಯಿಸದು, ಸುಲಿಗೆಯಂಥ ಒಪ್ಪಂದಗಳನ್ನು ಮಾತ್ರ ತಳ್ಳಿಹಾಕಬೇಕು ಎಂದು ಪ್ರಿವಿ ಕೌನ್ಸಿಲ್ 1876ರಲ್ಲಿ ಹೇಳಿದ್ದು ಇಂದಿಗೂ ನಿಂತಿದೆ.

ಆದರೂ ಆ ವಕೀಲರನ್ನು ಖಳನನ್ನಾಗಿ ಚಿತ್ರಿಸಲು ನನಗೆ ಮನಸ್ಸು ಬರುವುದಿಲ್ಲ. ಮೂವತ್ತು ಸಾವಿರ ಹೊಂದಿಸಲಾಗದ ಹೆಂಗಸಿನ ಎದುರು ಕೂತು, ಹತ್ತು ವರ್ಷ ನಾನು ಕಾಯುತ್ತೇನೆ, ಸೋತರೆ ಏನೂ ಬೇಡ ಎನ್ನುವವರು ಬಡವರಿಗೆ ಒಂದು ಬಾಗಿಲು ತೆರೆಯುತ್ತಿರುತ್ತಾರೆ ಕೂಡ. ಅಮೆರಿಕದಲ್ಲಿ ಇದು ಮಾಮೂಲಿ ಪದ್ಧತಿ. ನಿಯಮ ಆ ಬಾಗಿಲನ್ನು ಮುಚ್ಚಿದೆ, ಒಳ್ಳೆಯ ಕಾರಣಕ್ಕೇ ಮುಚ್ಚಿದೆ: ಪಾಲುದಾರನಾದ ವಕೀಲ ಕಕ್ಷಿದಾರನ ಹಿತ ನೋಡುತ್ತಾನೋ ತನ್ನ ಗುಂಟೆ ನೋಡುತ್ತಾನೋ ಹೇಳಲಾಗದು. ಮುಚ್ಚಿದ ಮೇಲೆ ಬೇರೊಂದು ಬಾಗಿಲು ಎಲ್ಲಿದೆ ಎಂದು ತೋರಿಸುವವರು ಇರಬೇಕಿತ್ತು.

ಖರ್ಚು ಎಂಬ ವಾರಸುದಾರನಿಗೆ ಪೂರ್ತಿ ಆಸ್ತಿಯೇ ಸಿಕ್ಕ ಉದಾಹರಣೆಯೂ ಇದೆ. ಇಂಗ್ಲೆಂಡಿನ ಭಾರೀ ಶ್ರೀಮಂತ ವಿಲಿಯಂ ಜೆನ್ನೆನ್ಸ್ 1798ರಲ್ಲಿ ಮಕ್ಕಳಿಲ್ಲದೆ ಸತ್ತ. ಅವನ ಉಯಿಲು ಸಿಕ್ಕಿತು, ಆದರೆ ಅದಕ್ಕೆ ಸಹಿಯಿರಲಿಲ್ಲ. ದೂರದ ನೆಂಟರು, ನೆಂಟರೆಂದು ಹೇಳಿಕೊಂಡವರು ನೂರು ವರ್ಷಕ್ಕೂ ಮೀರಿ ಹೊಡೆದಾಡಿದರು. ಡಿಕನ್ಸನ 'ಬ್ಲೀಕ್ ಹೌಸ್' ಕಾದಂಬರಿಯ ಮುಗಿಯದ ವ್ಯಾಜ್ಯಕ್ಕೆ ಇದೂ ಒಂದು ಪ್ರೇರಣೆ ಎನ್ನುತ್ತಾರೆ. ಕಾದಂಬರಿಯಲ್ಲಿ ವ್ಯಾಜ್ಯ ಮುಗಿಯುವುದು ತೀರ್ಪಿನಿಂದಲ್ಲ. ಆಸ್ತಿಯೆಲ್ಲ ಖರ್ಚಿಗೇ ಹೋಗಿ, ಹೊಡೆದಾಡಲು ಏನೂ ಉಳಿಯದೆ ಮುಗಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕೋರ್ಟು ಮೆಟ್ಟಿಲು ಹತ್ತಿದವರ ಬಗ್ಗೆ ಗೆದ್ದವನು ಸೋತ, ಸೋತವನು ಸತ್ತ ಎಂದು ಹೇಳುವುದು ಇದನ್ನೇ.

ಹಾಗೆ ನೋಡಿದರೆ ಅಜ್ಜಿ ಜಾಣೆ. ರಾಜಿಯಾಗಿ ಇಪ್ಪತ್ತು ಗುಂಟೆ ಉಳಿಸಿಕೊಂಡಳು. ಬಹಳ ಕಾಲ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಂಶೋಧನೆಯ ನೆಪದಲ್ಲಿ ಕಾಯ್ದೆಗಳನ್ನು ಓದುತ್ತಾ ಕೂತಾಗ ಆ ಲೆಕ್ಕದ ಬುಡ ಬೇರೆಯೇ ಕಂಡಿತು. ದೊಡ್ಡ ತಾತ ಇಪ್ಪತ್ತು ಗುಂಟೆ ಎಂದು ಹೇಗೆ ಹೇಳಿದರು? ಹದಿನೈದು ಯಾಕಲ್ಲ, ಇಪ್ಪತ್ತೈದು ಯಾಕಲ್ಲ? ಅಜ್ಜಿ ವಕೀಲರ ಹತ್ತಿರ ಹೋಗಿ ಬಂದದ್ದು, ಅವರು ಕೇಳಿದ ಹತ್ತು ಗುಂಟೆ, ಎಲ್ಲ ಊರಿನಲ್ಲಿ ಗೊತ್ತಾಗಿತ್ತು. ಅಣ್ಣ ಕೊಟ್ಟದ್ದು ಅವಳ ಹಕ್ಕಿನಷ್ಟಲ್ಲ. ಹಕ್ಕಿನಲ್ಲಿ ಖರ್ಚು ಕಳೆದು ಉಳಿದಷ್ಟು. ಕಳೆದ ಹತ್ತು ಗುಂಟೆ ವಕೀಲರಿಗೂ ಹೋಗಲಿಲ್ಲ, ಸರ್ಕಾರಕ್ಕೂ ಹೋಗಲಿಲ್ಲ. ಒಂದು ಪೈಸೆ ಖರ್ಚು ಮಾಡದ ಅಣ್ಣನಿಗೇ ಹೋಯಿತು. ನಡೆಯದೇ ಹೋದ ದಾವೆಯ ಶುಲ್ಕವನ್ನೂ ತಂಗಿ ಕಟ್ಟಿದಳು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೆಯ ಕಲಮು ಉಚಿತ ಕಾನೂನು ನೆರವಿಗೆ ಯಾರು ಅರ್ಹರು ಎಂದು ಪಟ್ಟಿ ಮಾಡುತ್ತದೆ. ಅದರಲ್ಲಿ ಮಹಿಳೆಯರಿದ್ದಾರೆ, ಮತ್ತು ಅವರಿಗೆ ಆದಾಯದ ಮಿತಿಯಿಲ್ಲ. ಬಡವಳೇ, ಶ್ರೀಮಂತಳೇ ಎಂದು ಕೇಳುವುದಿಲ್ಲ, ಹೆಂಗಸಾಗಿದ್ದರೆ ಸಾಕು. ವಕೀಲರು ಸಿಗುತ್ತಾರೆ, ನ್ಯಾಯಾಲಯದ ಶುಲ್ಕವೂ ಆ ನೆರವಿನೊಳಗೇ ಬರುತ್ತದೆ. ದಾವೆ ಹೂಡಿ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ತಾಲ್ಲೂಕು ಮಟ್ಟದಲ್ಲಿ ಇದಕ್ಕೆ ಸಮಿತಿಯೇ ಇರುತ್ತದೆ. ಅಂದು ಅಜ್ಜಿ ಮತ್ತು ನಾನು ಬಸ್ಸು ಇಳಿದ ತಾಲ್ಲೂಕು ಕೇಂದ್ರದಲ್ಲೂ ಈ ಹಕ್ಕು ಇತ್ತು, ಜಾರಿಯಾಗಿ ಹದಿನೇಳು ವರ್ಷವಾಗಿತ್ತು. ನಮಗೆ ಯಾರೂ ಹೇಳಲಿಲ್ಲ. ಓದು ಬಲ್ಲವನೆಂದು ಜೊತೆಗೆ ಹೋಗಿದ್ದ ನನಗೂ ಗೊತ್ತಿರಲಿಲ್ಲ.

ಅಜ್ಜಿ ಈಗಿಲ್ಲ. ಆ ಇಪ್ಪತ್ತು ಗುಂಟೆಯಲ್ಲಿ ನನ್ನ ತಾಯಿ ತೆಂಗು ಹಾಕಿಸಿದ್ದಾಳೆ. ಕಳೆದ ಸಲ ಊರಿಗೆ ಹೋದಾಗ, ಅಜ್ಜಿಯ ತಂಗಿ ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದಳು, "ಏನೋ ಅದು ನೀನು ಓದ್ತಿರೋದು, ಇಷ್ಟ್ ವರ್ಷ?" ನಾನು ಕಲಮು, ಕಾಯ್ದೆ ಏನನ್ನೂ ಹೇಳದೆ, ಅವತ್ತು ದುಡ್ಡಿಲ್ಲದೆಯೂ ನೀವು ಕೇಸು ಹಾಕಬಹುದಿತ್ತಂತೆ ಎಂದಷ್ಟೇ ಹೇಳಿದೆ. ಅವಳು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದಳು. ಹೆಂಚಿನ ಮನೆಯಿದ್ದ ಜಾಗದಲ್ಲಿ ಈಗ ಮಹಡಿಯ ಕಟ್ಟಡ, ಕೆಳಗೆ ಎರಡು ಅಂಗಡಿ. "ಈಗ ಹೇಳ್ತೀಯಲ್ಲೋ" ಎಂದಳು. ಆಮೇಲೆ ದನಿ ತಗ್ಗಿಸಿ, ಪಕ್ಕದ ಬೀದಿಯಲ್ಲಿ ಹೋದ ತಿಂಗಳು ಮಗನನ್ನು ಕಳೆದುಕೊಂಡವರ ಮನೆಯ ಹೆಣ್ಣುಮಗ್ಗಳೊಬ್ಬಳ ಹೆಸರು ಹೇಳಿ, "ಅವ್ಳಿಗಾದ್ರೂ ಹೇಳ್ಬಿಟ್ ಹೋಗು" ಎಂದಳು.

ಹೇಳಿ ಬಂದೆ. ಈ ಲೇಖನ ಬರೆದದ್ದೂ ಅದಕ್ಕೇ.